ಕಾರ್ಬುರೇಟರ್ ಸೋರಿಕೆ: ದಾರಿಯ ದುರಸ್ತಿ ಒಂದು ಕೈಗಡ



ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಎತ್ತಿನ ಬಂಡಿಗೆ ಇದ್ದ ಸ್ಥಾನವನ್ನು ಇಂದು ಮೋಟಾರ್ ಸೈಕಲ್ಲು ಪಡೆದುಕೊಂಡಿದೆ. ಹಾಲಿನ ಕ್ಯಾನುಗಳನ್ನು ಡೇರಿಗೆ ಮುಟ್ಟಿಸುವುದು ಅದು. ಹಳ್ಳಿಯ ಶಾಲೆಗೆ ಶಿಕ್ಷಕರನ್ನು ಕರೆದೊಯ್ಯುವುದು ಅದು. ಮಠದ ದಾಸೋಹಕ್ಕೆ ಕಾಯಿಪಲ್ಯದ ಚೀಲ ಹೊರುವುದೂ ಅದೇ. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿದು, ಹೂವೇರಿಸಿ ಕೈಮುಗಿಯುತ್ತೇವೆ. ಆದರೆ ಉಳಿದ ದಿನಗಳಲ್ಲಿ ಅದರ ಕೆಳಗೆ ಬಿದ್ದ ಒಂದು ಹನಿ ಪೆಟ್ರೋಲನ್ನು ಬಗ್ಗಿ ನೋಡುವ ವ್ಯವಧಾನ ನಮ್ಮಲ್ಲಿ ಎಷ್ಟು ಜನಕ್ಕಿದೆ? ಈ ಲೇಖನ ಆ ಒಂದು ಹನಿಯನ್ನು ಕುರಿತದ್ದು.

2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬುರೇಟರ್ ಬಹುತೇಕ ಮರೆಯಾಗಿ, ಆ ಜಾಗಕ್ಕೆ ಇಂಧನವನ್ನು ವಿದ್ಯುನ್ಮಾನದಿಂದ ಸಿಂಪಡಿಸುವ ವ್ಯವಸ್ಥೆ ಬಂದಿದೆ. ಆದರೂ ಅದಕ್ಕೂ ಮುಂಚಿನ ಲಕ್ಷಾಂತರ ವಾಹನಗಳು ನಮ್ಮ ಊರುಗಳಲ್ಲಿ ಇನ್ನೂ ದುಡಿಯುತ್ತಿವೆ. 1985ರಲ್ಲಿ ಬಂದ ಸಿ.ಡಿ. 100, ಅದೇ ವರ್ಷದ ಆರ್.ಎಕ್ಸ್. 100, 1994ರ ಸ್ಪ್ಲೆಂಡರ್, 1996ರವರೆಗೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ, ಇವೆಲ್ಲ ಕಾರ್ಬುರೇಟರಿನ ವಾಹನಗಳೇ. ತಂದೆಯವರು ಕೊಂಡ ಗಾಡಿಯನ್ನು ಮಗ ಓಡಿಸುತ್ತಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಮನೆಗಳವರಿಗಾಗಿ ಈ ಬರಹ.

ಕೂಡಲಸಂಗಮದ ದಾರಿಯಲ್ಲಿ

1998ರ ಬೇಸಿಗೆಯಲ್ಲಿ ನಾವು ಹುನಗುಂದ ದಾಟಿ ಕೂಡಲಸಂಗಮದ ಕಡೆಗೆ ಹೊರಟಿದ್ದೆವು. ಹಿಂದೆ ಅವ್ವ ಕುಳಿತಿದ್ದಳು. ದಾರಿಯಲ್ಲಿ ಗಾಡಿ ಮುಕ್ಕರಿಸತೊಡಗಿತು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ನಿಲ್ಲಿಸಿ ನೋಡಿದರೆ ಕಾರ್ಬುರೇಟರಿನ ಕೆಳಗಿನ ಸಣ್ಣ ಪೈಪಿನಿಂದ ಪೆಟ್ರೋಲು ಹನಿಹನಿಯಾಗಿ ಬೀಳುತ್ತಿತ್ತು. ಏನು ಮಾಡಬೇಕೆಂದು ತೋಚದೆ ನಿಂತಿದ್ದಾಗ ಹೊಲದಿಂದ ಬರುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಮೊದಲು ಅವರು ಮಾಡಿದ್ದು ಪೆಟ್ರೋಲ್ ಕಾಕ್ ಬಂದ್ ಮಾಡಿದ್ದು. ಆಮೇಲೆ ಬಾಯಲ್ಲಿದ್ದ ಬೀಡಿಯನ್ನು ದೂರ ಹೋಗಿ ಮಣ್ಣಿನಲ್ಲಿ ಹೊಸಕಿ ಬಂದರು. ಇಂಜಿನ್ ಆರುವವರೆಗೆ ನಮ್ಮನ್ನು ಬೇವಿನ ನೆರಳಿನಲ್ಲಿ ಕೂರಿಸಿ, ನಮ್ಮ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಕಾರ್ಬುರೇಟರಿನ ಬಟ್ಟಲನ್ನು ನಾಲ್ಕೈದು ಸಲ ಮೆಲ್ಲಗೆ ತಟ್ಟಿದರು. ಕೆಳಗಿನ ಸ್ಕ್ರೂ ಸಡಿಲಿಸಿ ಬಟ್ಟಲಿನ ಪೆಟ್ರೋಲನ್ನು ಲೋಟಕ್ಕೆ ಬಸಿದು, ಮತ್ತೆ ಬಿಗಿದರು. ಸೋರುವುದು ನಿಂತಿತ್ತು.

ದುಡ್ಡು ಕೊಡಲು ಹೋದರೆ ಅವರು ಕೈ ಅಡ್ಡ ಹಿಡಿದರು. “ಅಣ್ಣಾರ, ಇದು ಮನಿ ಮುಟ್ಟೂತನಕ ಮಾತ್ರ. ನಾಳೆ ಮಿಸ್ತ್ರಿ ಕಡೆ ತೋರಸ್ರಿ, ಮರೀಬ್ಯಾಡ್ರಿ” ಎಂದರು. ನಾವು ತಲೆಯಾಡಿಸಿದೆವು. ಸಂಗಮನಾಥನ ದರ್ಶನವಾಯಿತು, ಊರಿಗೆ ಮರಳಿದೆವು. ಗಾಡಿ ಚೆನ್ನಾಗಿಯೇ ಓಡುತ್ತಿದ್ದುದರಿಂದ ಆ ಮಾತನ್ನು ಮರೆತೆವು. ಮರೆತದ್ದರ ಫಲವನ್ನು ಮುಂದೆ ಹೇಳುತ್ತೇವೆ.

ಬಟ್ಟಲಿನೊಳಗಿನ ಕೆಲಸ

ಕಾರ್ಬುರೇಟರಿನ ಕೆಲಸ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಬೆರೆಸಿ ಇಂಜಿನ್ನಿಗೆ ಕೊಡುವುದು. ಟ್ಯಾಂಕಿನಿಂದ ಇಳಿದ ಪೆಟ್ರೋಲು ಮೊದಲು ಅದರ ತಳದ ಸಣ್ಣ ಬಟ್ಟಲಿನಲ್ಲಿ ನಿಲ್ಲುತ್ತದೆ. ಬಟ್ಟಲಿನಲ್ಲಿ ಫ್ಲೋಟ್ ಎಂಬ ತೇಲುವ ಗುಂಡು ಇರುತ್ತದೆ. ಪೆಟ್ರೋಲು ಏರಿದಂತೆ ಫ್ಲೋಟ್ ಮೇಲೇರಿ, ತನ್ನ ಮೇಲಿನ ಚೂಪಾದ ಪಿನ್ನನ್ನು ಒಳಬರುವ ದಾರಿಯ ಬಾಯಿಗೆ ಒತ್ತಿ ಮುಚ್ಚುತ್ತದೆ. ಪೆಟ್ರೋಲು ಖರ್ಚಾದಂತೆ ಫ್ಲೋಟ್ ಇಳಿದು, ಬಾಯಿ ತೆರೆಯುತ್ತದೆ. ಮನೆಯ ಮೇಲಿನ ನೀರಿನ ಟಾಕಿಯಲ್ಲಿರುವ ಚೆಂಡಿನ ನಲ್ಲಿಯದೂ ಇದೇ ಉಪಾಯ.

ಪಿನ್ನಿನ ತುದಿಗೂ ಅದು ಕೂರುವ ಬಾಯಿಗೂ ನಡುವೆ ಒಂದು ಕಣ ತುಕ್ಕೋ ಮರಳೋ ಸಿಕ್ಕಿಕೊಂಡರೆ ಸಾಕು, ಬಾಯಿ ಪೂರ್ತಿ ಮುಚ್ಚದು. ಪೆಟ್ರೋಲು ಏರುತ್ತ ಹೋಗಿ ಓವರ್‌ಫ್ಲೋ ಪೈಪಿನಿಂದ ಹೊರಬೀಳುತ್ತದೆ. ಪಿನ್ನಿನ ತುದಿ ಸವೆದಿದ್ದರೂ, ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲು ತುಂಬಿಕೊಂಡು ಮುಳುಗಿದ್ದರೂ ಇದೇ ಫಲ.

ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ಎಷ್ಟಾಗುತ್ತದೆ? ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ನಿಮಿಷಕ್ಕೆ 3 ಮಿಲಿಲೀಟರ್, ಗಂಟೆಗೆ 180 ಮಿಲಿಲೀಟರ್. ರಾತ್ರಿ 10 ಗಂಟೆಗಳ ಕಾಲ ಹೀಗೆ ಸೋರಿದರೆ 1.8 ಲೀಟರ್! ನಷ್ಟ ದುಡ್ಡಿನದಷ್ಟೇ ಅಲ್ಲ. ಈ ಪೆಟ್ರೋಲು ಎಲ್ಲಿಗೆ ಹೋಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಮೊದಲು ಬೆಂಕಿಯ ಮಾತು

ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ನಮ್ಮ ಬಿಸಿಲ ನಾಡಿನಲ್ಲಿ ಕೇಳಬೇಕೆ? ಅದರ ಆವಿ ಗಾಳಿಗಿಂತ ಭಾರ. ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆ ಹರಡಿ, ತಗ್ಗಿನಲ್ಲಿ ನಿಂತು, ಕಣ್ಣಿಗೆ ಕಾಣದೆ ದೂರದ ಒಲೆಯವರೆಗೂ ಹರಿಯಬಲ್ಲದು. ಆದುದರಿಂದ ದುರಸ್ತಿಗೆ ಕೈಹಾಕುವ ಮುನ್ನ ಈ ಕ್ರಮವನ್ನು ತಪ್ಪದೆ ಪಾಲಿಸಬೇಕು.

ಇಂಜಿನ್ ನಿಲ್ಲಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಗಾಡಿಯನ್ನು ತಳ್ಳಿಕೊಂಡು ಬಯಲಿಗೆ ತರಬೇಕು. ಸೈಲೆನ್ಸರ್ ಆರಲು ಕಾಲು ಗಂಟೆಯಾದರೂ ಬಿಡಬೇಕು. ಬೀಡಿ, ಬೆಂಕಿಕಡ್ಡಿ, ಊದುಬತ್ತಿ ಹತ್ತಿರ ಸುಳಿಯಕೂಡದು. ಕತ್ತಲಾಗಿದ್ದರೆ ಬ್ಯಾಟರಿ ದೀಪವೇ ಹೊರತು ಕಂದೀಲು ಬೇಡ. ಮಕ್ಕಳನ್ನು ದೂರವಿಡಬೇಕು. ಪಕ್ಕದಲ್ಲಿ ಒಂದು ಬುಟ್ಟಿ ಒಣ ಮರಳೋ ಮಣ್ಣೋ ಇರಲಿ. ಪೆಟ್ರೋಲಿನ ಬೆಂಕಿಗೆ ನೀರು ಸುರಿದರೆ ಪೆಟ್ರೋಲು ನೀರಿನ ಮೇಲೆ ತೇಲಿ, ಬೆಂಕಿ ಮತ್ತಷ್ಟು ಹರಡುತ್ತದೆ.

ಕೆಲವು ಗಾಡಿಗಳಲ್ಲಿ ಕಾಕ್ ಬಂದ್ ಮಾಡುವ ವ್ಯವಸ್ಥೆ ಇರುವುದಿಲ್ಲ, ಕೆಲವದರಲ್ಲಿ ಕಾಕೇ ಕೆಟ್ಟಿರುತ್ತದೆ. ಆಗ ಟ್ಯಾಂಕಿನಿಂದ ಇಳಿಯುವ ರಬ್ಬರ್ ಪೈಪು ಬಿರಿದಿರದಿದ್ದರೆ, ಅದನ್ನು ಮಡಚಿ ದಾರದಿಂದ ಕಟ್ಟಿ ಹರಿವನ್ನು ತಡೆಯಬಹುದು.

ಸೋರುವುದು ಎಲ್ಲಿಂದ?

ಸೋರುವ ಜಾಗ ತಿಳಿಯದೆ ಮಾಡುವ ಉಪಚಾರ ವ್ಯರ್ಥ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಪಕ್ಕದ ಸ್ಟ್ಯಾಂಡಿಗೆ ತೀರ ವಾಲಿಸಿ ನಿಲ್ಲಿಸಿದಾಗ ಬಟ್ಟಲಿನ ಮಟ್ಟ ಏರುಪೇರಾಗಿ ಸೋರುವುದುಂಟು. ನೆಟ್ಟಗೆ ನಿಲ್ಲಿಸಿದೊಡನೆ ನಿಂತರೆ ಸದ್ಯಕ್ಕೆ ಚಿಂತೆಯಿಲ್ಲ. ಕಾರ್ಬುರೇಟರನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ, ಕಾಕನ್ನು ಅರ್ಧ ನಿಮಿಷ ಮಾತ್ರ ತೆರೆದು, ಮೊದಲ ತೇವ ಎಲ್ಲಿ ಕಾಣುತ್ತದೆಂದು ನೋಡಬೇಕು.

ಓವರ್‌ಫ್ಲೋ ಪೈಪಿನಿಂದ ಬಂದರೆ ದೋಷ ಪಿನ್ನಿನದು ಅಥವಾ ಫ್ಲೋಟಿನದು. ಬಟ್ಟಲು ಕೂಡುವ ಅಂಚಿನಲ್ಲಿ ಒದ್ದೆಯಾದರೆ ಪ್ಯಾಕಿಂಗ್ ಕೆಟ್ಟಿದೆ ಇಲ್ಲವೆ ಸ್ಕ್ರೂ ಸಡಿಲಾಗಿದೆ. ತಳದ ಬಸಿಯುವ ಸ್ಕ್ರೂವಿನ ತುದಿಯಲ್ಲಿ ಹನಿ ನಿಂತರೆ ದೋಷ ಅಲ್ಲಿಯದೇ. ಮೇಲಿನ ಪೈಪಿನಿಂದ ಅಥವಾ ಕಾಕಿನಿಂದ ಇಳಿದ ಪೆಟ್ರೋಲು ಕಾರ್ಬುರೇಟರಿನ ಮೇಲೆ ಹರಿದು ಅದರ ತಲೆಗೆ ಅಪವಾದ ತರುವುದೂ ಸಾಮಾನ್ಯ. ಹಳೆಯ ಜಾವಾ ಗಾಡಿಗಳವರು ಇನ್ನೊಂದನ್ನು ಗಮನಿಸಬೇಕು. ಅವುಗಳ ಕಾರ್ಬುರೇಟರಿನ ಮೇಲೆ ಫ್ಲೋಟನ್ನು ಒತ್ತಿ ಬಟ್ಟಲನ್ನು ತುಂಬಿಸುವ ಒಂದು ಗುಂಡಿಯಿದೆ. ಅದು ಕೆಳಗೇ ಸಿಕ್ಕಿಬಿದ್ದರೆ ಪೆಟ್ರೋಲು ಹರಿಯುತ್ತಲೇ ಇರುತ್ತದೆ.

ದಾರಿಯಲ್ಲಿ ಮಾಡಬಹುದಾದ ಉಪಾಯಗಳು

ಪಿನ್ನಿನಲ್ಲಿ ಕಸ ಸಿಕ್ಕಿದ್ದರೆ: ಆ ಹಿರಿಯರು ಮಾಡಿದ ಉಪಾಯವೇ ಮೊದಲನೆಯದು. ಸ್ಕ್ರೂಡ್ರೈವರಿನ ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿಕೆಯಿಂದ ಬಟ್ಟಲನ್ನು ಮೆಲ್ಲಗೆ ತಟ್ಟುವುದು. ಸುತ್ತಿಗೆ, ಕಲ್ಲು ಬೇಡ. ಕಾರ್ಬುರೇಟರಿನ ಲೋಹ ಮೃದು, ಬಿರಿದೀತು. ತಟ್ಟಿದ ಮೇಲೆ ತಳದ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಸ್ಟೀಲಿನ ಲೋಟಕ್ಕೆ ಬಸಿಯಬೇಕು. ಲೋಟ ಹಿಡಿದೇ ಕಾಕನ್ನು ಐದಾರು ಸೆಕೆಂಡು ತೆರೆದರೆ ಹೊಸ ಪೆಟ್ರೋಲು ರಭಸದಿಂದ ಇಳಿದು ಕಸವನ್ನು ತೊಳೆದುಕೊಂಡು ಬರುತ್ತದೆ. ಲೋಟದ ತಳದಲ್ಲಿ ನೀರಿನ ಗುಂಡುಗಳೋ ಕೆಂಪು ತುಕ್ಕಿನ ಪುಡಿಯೋ ಕಂಡರೆ ರೋಗದ ಮೂಲ ಟ್ಯಾಂಕಿನಲ್ಲಿದೆಯೆಂದು ತಿಳಿಯಬೇಕು.

ಅಂಚಿನಲ್ಲಿ ಸೋರಿದರೆ: ಬಟ್ಟಲಿನ ಸ್ಕ್ರೂಗಳನ್ನು ಒಂದಾದ ಮೇಲೆ ಅದರ ಎದುರಿನದನ್ನು, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಬಲ ಹಾಕಿದರೆ ಒಳಗಿನ ಥ್ರೆಡ್ ಹೋಗುತ್ತದೆ. ಹತ್ತು ರೂಪಾಯಿಯ ದೋಷ ಸಾವಿರಕ್ಕೆ ಏರುತ್ತದೆ. ರಬ್ಬರಿನ ಪ್ಯಾಕಿಂಗ್ ಪೆಟ್ರೋಲು ಕುಡಿದು ಉಬ್ಬಿ ಗಾಡಿಯಲ್ಲಿ ಕೂರದಂತಾಗಿದ್ದರೆ, ಅದನ್ನು ಕೆಲವು ಗಂಟೆ ನೆರಳಿನ ಗಾಳಿಗೆ ಇಟ್ಟರೆ ಬಹುಮಟ್ಟಿಗೆ ಮೊದಲಿನ ಅಳತೆಗೆ ಬರುತ್ತದೆ. ಕಾಗದದ ಚಪ್ಪಟೆ ಪ್ಯಾಕಿಂಗ್ ಹರಿದಿದ್ದರೆ, ದಪ್ಪ ಕಾಗದವನ್ನು ಬಟ್ಟಲಿನ ಅಂಚಿನ ಆಕಾರಕ್ಕೆ ಕತ್ತರಿಸಿ ಕೂರಿಸಬಹುದು. ಮೆಕ್ಯಾನಿಕ್ಕುಗಳು ಇದಕ್ಕೆ ತೆಳುವಾಗಿ ಶೆಲಾಕ್ ಸವರುತ್ತಾರೆ. ಅರಗಿನಿಂದ ಮಾಡಿದ ಆ ಅಂಟು ಎಥನಾಲ್ ಬೆರೆಯದ ಪೆಟ್ರೋಲಿನಲ್ಲಿ ಕರಗುವುದಿಲ್ಲ.

ಪೈಪು ಬಿರಿದಿದ್ದರೆ: ಸಾಮಾನ್ಯವಾಗಿ ಬಿರಿಯುವುದು ತುದಿಯಲ್ಲೇ. ಉದ್ದ ಸಾಕಷ್ಟಿದ್ದರೆ ಬಿರಿದ ಭಾಗವನ್ನು ಒಂದು ಬೆರಳಿನಷ್ಟು ಕತ್ತರಿಸಿ ತೆಗೆದು, ಹೊಸ ತುದಿಯನ್ನು ಕೂರಿಸಿ, ಕ್ಲಿಪ್ ಇಲ್ಲದಿದ್ದರೆ ಸಣ್ಣ ತಂತಿ ಸುತ್ತಿ ಬಿಗಿಯಬೇಕು. ತಂತಿ ರಬ್ಬರನ್ನು ಕೊಯ್ಯುವಷ್ಟು ಬಿಗಿಯಾಗಬಾರದು.

ಬಟ್ಟಲಿನಲ್ಲೋ ಟ್ಯಾಂಕಿನ ಬೆಸುಗೆಯಲ್ಲೋ ಕೂದಲೆಳೆಯ ಬಿರುಕಿದ್ದರೆ: ಬಟ್ಟೆ ತೊಳೆಯುವ ಸಾಬೂನಿನ ಬಿಲ್ಲೆಯನ್ನು ಹೊರಗಿನಿಂದ ಗಟ್ಟಿಯಾಗಿ ಉಜ್ಜಿ ಬಿರುಕನ್ನು ತುಂಬುವುದು ನಮ್ಮ ಲಾರಿ ಚಾಲಕರ ಹಳೆಯ ಉಪಾಯ. ಸಾಬೂನು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಹಾಗೆಂದೇ ಮಳೆಯಲ್ಲಿ ಇದು ನಿಲ್ಲದು. ಎಂ-ಸೀಲ್‌ನಂಥ ಮೆತ್ತುವ ಗಟ್ಟಿಯೂ ಆಗಬಹುದು. ಆದರೆ ಪೆಟ್ರೋಲು ಬಸಿದು, ಜಾಗವನ್ನು ಜಿಡ್ಡಿಲ್ಲದಂತೆ ಒರೆಸಿ ಒಣಗಿಸಿದ ಮೇಲೆ ಹಚ್ಚಿ, ಗಟ್ಟಿಯಾಗುವವರೆಗೆ ಗಂಟೆಗಟ್ಟಲೆ ಕಾಯಬೇಕು. ಒದ್ದೆಯ ಮೇಲೆ ಅದು ಹಿಡಿಯದು.

ಮಾಡಬಾರದ ಮೂರು ಕೆಲಸಗಳಿವೆ. ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪನ್ನು ಸುತ್ತಬಾರದು. ಅದರ ಅಂಟು ಪೆಟ್ರೋಲಿನಲ್ಲಿ ಕರಗಿ ಟೇಪು ಕಳಚುತ್ತದೆ, ನಡುವೆ ಸೋರಿಕೆಯನ್ನು ಮರೆಮಾಡುತ್ತದೆ. ಸಾಮಾನ್ಯ ಸಿಲಿಕೋನ್ ಪೇಸ್ಟನ್ನು ಬಟ್ಟಲಿನ ಅಂಚಿಗೆ ಬಳಿಯಬಾರದು. ಅದು ಉಬ್ಬಿ, ಚೂರಾಗಿ ಜೆಟ್ಟಿನ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಮೂರನೆಯದಾಗಿ, ಓವರ್‌ಫ್ಲೋ ಪೈಪಿಗೆ ಬಿರಡೆ ಹಾಕಬಾರದು. ಸೋರುವುದು ನಿಂತಂತೆ ಕಂಡರೂ ಹೊರದಾರಿ ಕಾಣದ ಪೆಟ್ರೋಲು ಇಂಜಿನ್ನಿನ ಒಳಗೇ ಇಳಿಯುತ್ತದೆ.

ಮನೆ ಮುಟ್ಟುವ ಬಗೆ

ಯಾವುದೂ ಫಲಿಸದಿದ್ದರೆ ಕಾಕನ್ನೇ ಕೈಯಾಳಾಗಿ ಮಾಡಿಕೊಳ್ಳಬಹುದು. ಲೀಟರಿಗೆ 60 ಕಿಲೋಮೀಟರ್ ಓಡುವ ಗಾಡಿ ಒಂದು ಮಿಲಿಲೀಟರಿನಲ್ಲಿ 60 ಮೀಟರ್ ಹೋಗುತ್ತದೆ. ಬಟ್ಟಲಿನಲ್ಲಿ 20 ಮಿಲಿಲೀಟರ್ ಇದ್ದರೆ ಕಾಕ್ ಮುಚ್ಚಿಯೇ ಒಂದು ಕಿಲೋಮೀಟರಿಗೂ ಮಿಗಿಲಾಗಿ ಸಾಗಬಹುದು. ಗಾಡಿ ಸೊರಗುವಷ್ಟರಲ್ಲಿ ನಿಂತು, ಕಾಕನ್ನು ಸ್ವಲ್ಪ ತೆರೆದು ಬಟ್ಟಲು ತುಂಬಿಸಿ, ಮುಚ್ಚಿ, ಮತ್ತೆ ಸಾಗಬೇಕು. ನಿಧಾನವಾದರೂ ಊರು ಸಿಗುತ್ತದೆ.

ಆದರೆ ಇದಕ್ಕೆ ಒಂದು ಷರತ್ತಿದೆ. ಓವರ್‌ಫ್ಲೋ ಪೈಪಿನ ತುದಿ ಸೈಲೆನ್ಸರಿನಿಂದ ದೂರವಾಗಿ ನೆಲದ ಕಡೆಗೆ ಇಳಿದಿರಬೇಕು. ಪೆಟ್ರೋಲು ಇಂಜಿನ್ನಿನ ಮೇಲೆ, ಪ್ಲಗ್ಗಿನ ಹತ್ತಿರ ಅಥವಾ ಬಿಸಿ ಸೈಲೆನ್ಸರಿನ ಮೇಲೆ ಬೀಳುತ್ತಿದ್ದರೆ ಕಿಕ್ ಹೊಡೆಯಲೇಕೂಡದು. ತಳ್ಳಿಕೊಂಡು ಹೋಗುವುದು, ಇಲ್ಲವೆ ಟಂಟಂನಲ್ಲಿ ಹೇರಿಕೊಂಡು ಹೋಗುವುದೇ ದಾರಿ. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು ಕುಳಿತಿರುವಾಗ ಧೈರ್ಯ ತೋರುವ ಹಕ್ಕು ನಮಗಿಲ್ಲ.

ಮರೆತ ಕೈಗಡ

ನಮ್ಮ ಕಥೆಯ ಉಳಿದ ಭಾಗ ಇನ್ನು ಹೇಳಬಹುದು. ಸಂಗಮದಿಂದ ಬಂದು ಮೂರು ವಾರ ಕಳೆದಿತ್ತು. ಕಳ್ಳಕಾಕರ ಭಯದಿಂದ ಗಾಡಿಯನ್ನು ರಾತ್ರಿ ಪಡಸಾಲೆಯಲ್ಲಿ ನಿಲ್ಲಿಸುವುದು ನಮ್ಮ ರೂಢಿ. ಪಡಸಾಲೆಯ ಮಗ್ಗುಲಿಗೇ ದೇವರ ಕೋಣೆ. ಒಂದು ನಸುಕಿನಲ್ಲಿ ಅವ್ವ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂರಲೆಂದು ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಳು. ಕಡ್ಡಿ ತೆಗೆದವಳು ಗೀರಲಿಲ್ಲ. ಕತ್ತಲಲ್ಲಿ ಅವಳ ದನಿ ಕೇಳಿಸಿತು: “ತಮ್ಮಾ, ಏಳು. ಲೈಟ್ ಹಚ್ಚಬ್ಯಾಡ. ನಿನ್ನ ಗಾಡಿ ವಾಸನಿ ಹೊಡ್ಯಾಕತ್ತೈತಿ.”

ಎದ್ದು ಕಾಲಿಟ್ಟರೆ ಪಡಸಾಲೆಯ ಕಲ್ಲುಹಾಸು ಒದ್ದೆ. ರಾತ್ರಿ ಕಾಕ್ ಬಂದ್ ಮಾಡಿರಲಿಲ್ಲ. ದೀಪದ ಗುಂಡಿ ಒತ್ತದೆ, ಬಾಗಿಲು ಕಿಟಕಿಗಳನ್ನು ತೆರೆದು, ಕಾಕ್ ತಿರುವಿ, ಗಾಡಿಯನ್ನು ಅಂಗಳಕ್ಕೆ ತಳ್ಳಿದೆವು. ಮಲಗಿದ್ದ ಮಕ್ಕಳನ್ನು ಹಿತ್ತಲಿಗೆ ಕಳಿಸಿದೆವು. ನೆಲಕ್ಕೆ ಒಣಮಣ್ಣು ಚೆಲ್ಲಿ ಗುಡಿಸಿದೆವು. ಬಿಸಿಲೇರಿ ವಾಸನೆ ಹೋಗುವವರೆಗೆ ಮನೆಯಲ್ಲಿ ಒಲೆಯೂ ಹೊತ್ತಲಿಲ್ಲ, ದೀಪವೂ ಹೊತ್ತಲಿಲ್ಲ. ಅವ್ವ ಅಂದು ದೀಪವಿಲ್ಲದೆಯೇ ಪೂಜೆ ಮಾಡಿದಳು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆ ಮೌನವೇ ನಮಗೆ ಸಾಕಾಗಿತ್ತು. ಅವಳ ಮೂಗು ಒಂದು ಕ್ಷಣ ತಪ್ಪಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಅಂದೇ ಗಾಡಿಯನ್ನು ಮಿಸ್ತ್ರಿಯ ಹತ್ತಿರ ತಳ್ಳಿಕೊಂಡು ಹೋದೆವು. ಪಿನ್ನಿನ ತುದಿಯಲ್ಲಿ ಉಂಗುರದಂತೆ ಸವೆದ ಗೆರೆಯನ್ನು ಅವರು ತೋರಿಸಿದರು. ತಟ್ಟಿದಾಗ ಕಸ ಸರಿದಿತ್ತು. ಸವೆತ ಹಾಗೆಯೇ ಉಳಿದಿತ್ತು.

ಸಾಲ ತೀರಿಸುವ ಬಗೆ

ದಾರಿಯ ದುರಸ್ತಿ ಕೈಗಡವಿದ್ದಂತೆ. ಬಡ್ಡಿಯಿಲ್ಲದೆ, ಪತ್ರವಿಲ್ಲದೆ ಹೊತ್ತಿಗೆ ಒದಗುತ್ತದೆ. ಹಾಗೆಂದೇ ಬೇಗ ತೀರಿಸಬೇಕು. ಕಾರ್ಬುರೇಟರನ್ನು ಪೂರ್ತಿ ಬಿಚ್ಚಿ ತೊಳೆಸಿ, ಪಿನ್ನು, ಅದು ಕೂರುವ ಬಾಯಿ, ಪ್ಯಾಕಿಂಗ್ ಇವನ್ನು ಹೊಸದಾಗಿ ಹಾಕಿಸಬೇಕು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಪೆಟ್ರೋಲು ಕುಲುಕಿದ ಸದ್ದಾದರೆ ಅದು ತೂತಾಗಿದೆ, ಬದಲಿಸಬೇಕು. ಟ್ಯಾಂಕಿನಲ್ಲಿ ತುಕ್ಕಿದ್ದರೆ ತೊಳೆಸಿ, ಪೈಪಿನ ನಡುವೆ ಸಣ್ಣ ಫಿಲ್ಟರ್ ಹಾಕಿಸಬೇಕು.

ಹೆಚ್ಚಿನವರು ಮರೆಯುವುದು ಇಂಜಿನ್ ಆಯಿಲ್ಲನ್ನು. ರಾತ್ರಿಯೆಲ್ಲ ಉಕ್ಕಿದ ಪೆಟ್ರೋಲು ಸಿಲಿಂಡರಿಗಿಳಿದು, ರಿಂಗುಗಳ ಸಂದಿಯಿಂದ ಜಾರಿ ಆಯಿಲ್ಲಿನಲ್ಲಿ ಬೆರೆಯಬಹುದು. ಅಳತೆ ಕಡ್ಡಿಯಲ್ಲಿ ಆಯಿಲ್ಲಿನ ಮಟ್ಟ ಏರಿದಂತೆ ಕಂಡರೆ ಅಥವಾ ಅದರಲ್ಲಿ ಪೆಟ್ರೋಲಿನ ವಾಸನೆ ಬಂದರೆ ಗಾಡಿ ಚಾಲೂ ಮಾಡದೆ ಆಯಿಲ್ ಬದಲಿಸಬೇಕು. ತೆಳುವಾದ ಆಯಿಲ್ಲು ಇಂಜಿನ್ನನ್ನು ಕಾಪಾಡಲಾರದು. ಸಿಲಿಂಡರಿನಲ್ಲಿ ಪೆಟ್ರೋಲು ತುಂಬಿ ಕಿಕ್ ಕೆಳಗಿಳಿಯದಿದ್ದರೆ ಬಲವಂತ ಮಾಡದೆ, ಪ್ಲಗ್ ಬಿಚ್ಚಿಸಿ ಬಸಿಸಬೇಕು.

ಇತ್ತೀಚಿನ ಒಂದು ಸಂಗತಿಯೂ ಹಳೆಯ ಗಾಡಿಗಳವರಿಗೆ ಮುಖ್ಯ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ದೇಶದಲ್ಲಿ ಆ ಪ್ರಮಾಣದ ಗುರಿ ಮುಟ್ಟಿತು. ಈ ಎಥನಾಲಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಯ ಕಬ್ಬಿನ ಪಾಲೂ ಇದೆ. ರೈತನಿಗೆ ಅದರಿಂದ ಆದ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಹಳೆಯ ಗಾಡಿಗಳ ರಬ್ಬರಿನ ಪೈಪು, ಪ್ಯಾಕಿಂಗುಗಳನ್ನು ಅಷ್ಟು ಎಥನಾಲಿಗೆಂದು ಮಾಡಿರಲಿಲ್ಲ. ಅವು ಉಬ್ಬುವುದು, ಬಿರಿಯುವುದು ಬೇಗ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಬಹುದಿನ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹುಟ್ಟಲು ಅದೂ ಕಾರಣ. ಆದುದರಿಂದ ಹಳೆಯ ರಬ್ಬರನ್ನು ಸೋರುವ ಮುನ್ನವೇ ಹೊಸದಕ್ಕೆ ಬದಲಿಸುವುದು ಜಾಣತನ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದವರು. ನಡುಹೊಳೆಯಲ್ಲಿ ದೋಣಿಗೆ ನೀರು ನುಗ್ಗಿದರೆ ಅಂಬಿಗನಾದವನು ಅರಿವೆ ತುರುಕಿ ದಡ ಮುಟ್ಟಿಸುತ್ತಾನೆ. ಅದು ತಪ್ಪಲ್ಲ, ಜಾಣ್ಮೆ. ಆದರೆ ಅದೇ ಅರಿವೆಯನ್ನು ನಂಬಿ ಮರುದಿನ ಮತ್ತೆ ಜನರನ್ನು ಹತ್ತಿಸಿಕೊಂಡರೆ ಅದು ಕಾಯಕವಲ್ಲ. ನಮ್ಮನ್ನು ನಂಬಿ ಹಿಂದೆ ಕೂರುವ ಜೀವಗಳ ಮಟ್ಟಿಗೆ ನಾವೆಲ್ಲರೂ ಅಂಬಿಗರೇ.

ಇಂದು ರಾತ್ರಿ ಗಾಡಿ ನಿಲ್ಲಿಸುವಾಗ ಕಾಕ್ ಬಂದ್ ಮಾಡಿ. ಬೆಳಗ್ಗೆ ತೆಗೆಯುವಾಗ ಬಗ್ಗಿ, ನೆಲವನ್ನೊಮ್ಮೆ ನೋಡಿ. ಇದಕ್ಕೆ ಖರ್ಚಿಲ್ಲ, ಅರ್ಧ ನಿಮಿಷವೂ ಬೇಡ. ಪಡಸಾಲೆಯಲ್ಲಿ ನಿಲ್ಲಿಸಲೇಬೇಕಾದವರು ದೀಪ ಹಚ್ಚುವ ಮುನ್ನ ಬಾಗಿಲು ತೆರೆದು ಒಂದು ಕ್ಷಣ ನಿಲ್ಲಿ. ಹುನಗುಂದದ ದಾರಿಯ ಆ ಹಿರಿಯರ ಹೆಸರನ್ನು ನಾವು ಕೇಳಿಕೊಳ್ಳಲಿಲ್ಲ. ಅವರು ಹೇಳಿದ ಮಾತನ್ನಾದರೂ ತಡವಾಗಿ ನಿಮಗೆ ಮುಟ್ಟಿಸುತ್ತಿದ್ದೇವೆ.